ಸಾವಿನ ಮನೆಯಲ್ಲಿ ಸತ್ಯವೇದ ಓದುವ ಬಗೆ

ನಮ್ಮ ಕ್ರೈಸ್ತ ಸಭೆಯವರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಮಾತನಾಡಿಸಲು ಬರುವವರ ಬಾಯಲ್ಲಿ ಮೂರು ವಾಕ್ಯಗಳು ಸಿದ್ಧವಾಗಿರುತ್ತವೆ. ಮೊದಲನೆಯದು, ಮಕ್ಕಳನ್ನೂ ಆಸ್ತಿಯನ್ನೂ ಒಂದೇ ದಿನ ಕಳೆದುಕೊಂಡ ಯೋಬನದು: "ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು, ಯೆಹೋವನ ನಾಮಕ್ಕೆ ಸ್ತೋತ್ರವಾಗಲಿ." ಎರಡನೆಯದು ರೋಮಾಪುರದವರಿಗೆ ಬರೆದ ಪತ್ರದ 8:28, ಅಂದರೆ ಎಂಟನೆಯ ಅಧ್ಯಾಯದ ಇಪ್ಪತ್ತೆಂಟನೆಯ ವಚನ, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿಯೇ ನಡೆಯುತ್ತದೆ ಎನ್ನುವುದು. ಮೂರನೆಯದು ಯೆರೆಮೀಯ 29:11, ನಿಮ್ಮ ವಿಷಯವಾಗಿ ನನ್ನಲ್ಲಿರುವ ಆಲೋಚನೆಗಳು ಕೇಡಿನವಲ್ಲ, ಹಿತದವು ಎನ್ನುವುದು. ಮೂರೂ ಸತ್ಯವೇದದ, ಅಂದರೆ ಬೈಬಲಿನ ಮಾತುಗಳೇ. ಹೇಳುವವರ ಮನಸ್ಸೂ ಒಳ್ಳೆಯದೇ. ಆದರೆ ಪೆಟ್ಟಿಗೆ ಇನ್ನೂ ನಡುಮನೆಯಲ್ಲಿರುವಾಗ ಇವನ್ನು ಕೇಳಿಸಿಕೊಂಡವರಿಗೆ ಗೊತ್ತು, ಈ ಮಾತುಗಳ ಮೊದಲ ಪರಿಣಾಮ ಬಾಯಿ ಮುಚ್ಚಿಸುವುದು.

ಆ ಮಾತು ಆಡಿದ ಯೋಬನೇ ಎರಡು ಅಧ್ಯಾಯ ದಾಟುವಷ್ಟರಲ್ಲಿ ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ. ಆ ಮೂರನೆಯ ಅಧ್ಯಾಯವನ್ನು ಸಾವಿನ ಮನೆಯಲ್ಲಿ ಯಾರೂ ಓದಿದ್ದನ್ನು ನಾನು ಕಂಡಿಲ್ಲ. ಯೆರೆಮೀಯನ ಮಾತು ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಬರೆದ ಪತ್ರದ್ದು. ಅದರ ಹಿಂದಿನ ವಚನವೇ ಎಪ್ಪತ್ತು ವರ್ಷ ಕಾಯಬೇಕು ಎನ್ನುತ್ತದೆ. ಆ ಪತ್ರವನ್ನು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಊರು ಕಾಣದೆಯೇ ಕಣ್ಣು ಮುಚ್ಚಿರಬೇಕು.

ನಾನು ಧಾರವಾಡದಲ್ಲಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನಮ್ಮ ಯಜಮಾನರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದರು. ಮೂತ್ರಪಿಂಡ ಕೆಟ್ಟು, ಡಯಾಲಿಸಿಸ್‌ನಲ್ಲಿ ಬಹಳ ನವೆದು ಹೋದರು. ಅವರ ನಂತರ ನಮ್ಮ ಮನೆಯ ಪಡಸಾಲೆಯಲ್ಲಿ ಗುರುವಾರ ಸಂಜೆ ಒಂದು ಸಣ್ಣ ಕೂಟ ಸೇರುತ್ತದೆ. ಮನೆಯವರನ್ನು ಕಳೆದುಕೊಂಡವರು ಮಾತ್ರ ಬರುತ್ತಾರೆ. ನಾನು ದೇವಶಾಸ್ತ್ರ ಕಲಿತವಳಲ್ಲ, ಪಾಠ ಓದಿಸುವುದನ್ನು ಮಾತ್ರ ಬಲ್ಲೆ. ಒಂದು ಸಾಲನ್ನು ಪದ್ಯದಿಂದ ಕಿತ್ತು ಅರ್ಥ ಹೇಳಿದರೆ ಮಕ್ಕಳಿಗೆ ಅಂಕ ಕೊಡುತ್ತಿರಲಿಲ್ಲ. ಸತ್ಯವೇದಕ್ಕೂ ಅದೇ ನಿಯಮ ಹಾಕಿಕೊಂಡಿದ್ದೇನೆ. ಅಳುವ ಅಧ್ಯಾಯಗಳು ಮೊದಲು, ಸಮಾಧಾನದವು ಆಮೇಲೆ. ಈ ನೋವಿಗೆ ಏನರ್ಥ ಎಂಬ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ, ಅದಕ್ಕೆ ಉತ್ತರ ಹೇಳುವ ಹಕ್ಕು ಕಳೆದುಕೊಂಡವರಿಗೆ ಮಾತ್ರ. ಮುಂದೆ ಬರೆದಿರುವುದು ಈ ಕ್ರಮದಲ್ಲಿ ಓದುವ ವಿವರ.

ಯಾವಾಗ ತೊಡಗಬೇಕು

ಮಣ್ಣು ಮಾಡಿ ಬಂದ ಮೊದಲ ವಾರಗಳಲ್ಲಿ ಅಧ್ಯಯನ ಎಂದೆಲ್ಲ ಕೂರಬೇಡಿ. ಕಣ್ಣು ಸಾಲಿನ ಮೇಲೆ ಓಡುತ್ತದೆ, ತಲೆಗೆ ಏನೂ ಇಳಿಯುವುದಿಲ್ಲ. ಆಗ ಬೇರೆ ಯಾರಾದರೂ ಪಕ್ಕದಲ್ಲಿ ಕುಳಿತು ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿದರೆ ಸಾಕು, ವಿವರಣೆ ಬೇಡ. ಅರಸುಗಳು ಮೊದಲನೆಯ ಭಾಗದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಮರದ ಕೆಳಗೆ ಬಿದ್ದುಕೊಂಡು, ನನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಕೇಳುತ್ತಾನೆ. ದೇವದೂತನು ಅವನಿಗೆ ಬೋಧನೆ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು ಎಬ್ಬಿಸುತ್ತಾನೆ. ಅವನು ತಿಂದು ಮತ್ತೆ ಮಲಗುತ್ತಾನೆ, ದೂತನು ಮತ್ತೆ ಎಬ್ಬಿಸಿ ಉಣ್ಣಿಸುತ್ತಾನೆ. ದೇವರು ಮಾತಿಗೆ ತೊಡಗುವುದು ಅದೆಲ್ಲ ಆದ ಮೇಲೆ, ಹೋರೇಬ್ ಬೆಟ್ಟದಲ್ಲಿ. ಮೊದಲ ವಾರಗಳಿಗೆ ಈ ಅಧ್ಯಾಯವೇ ಮಾದರಿ. ಉಣ್ಣಿ, ಮಲಗಿ.

ನಿಜವಾದ ಓದು ಬೇಕಾಗುವುದು ಸ್ಮರಣೆಯ ಕೂಟ ಮುಗಿದು, ಬಂಧುಗಳು ಬಸ್ ಹತ್ತಿ, ಬಾಡಿಗೆಗೆ ತಂದ ಕುರ್ಚಿಗಳನ್ನು ಒಯ್ದ ಮೇಲೆ. ಫೋನು ನಿಲ್ಲುವ ಆ ಹೊತ್ತಿಗೆ ಪಿಂಚಣಿ, ವಾರಸಾ ಪ್ರಮಾಣಪತ್ರ, ಬ್ಯಾಂಕಿನ ಖಾತೆ ಎಂದು ಅಲೆದಾಟ ಶುರುವಾಗಿರುತ್ತದೆ. ದಿನಕ್ಕೆ ಅರ್ಧ ಗಂಟೆ ಹೊಂದಿಸಿಕೊಳ್ಳಿ. ರಾತ್ರಿ ಮಲಗುವ ಮುಂಚೆ ಬೇಡವೆಂದು ನನ್ನ ಸಲಹೆ. ಯೋಬನನ್ನು ಓದಿ ದೀಪ ಆರಿಸಿದರೆ ನಿದ್ದೆ ಬರುವುದಿಲ್ಲ. ಬೆಳಗಿನ ಚಹಾದ ನಂತರ ಆದೀತು.

ಬೇಕಾದವು: ದೊಡ್ಡ ಅಕ್ಷರದ ಸತ್ಯವೇದ, ಒಂದು ಸೀಸದ ಕಡ್ಡಿ, ಎರಡು ಬಣ್ಣದ ಕಡ್ಡಿ, ಒಂದು ಉದ್ದ ನೋಟುಪುಸ್ತಕ. ಹಳೆಯ ಅನುವಾದವೂ ಸರಳ ಅನುವಾದವೂ ಎರಡೂ ಇದ್ದರೆ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಿ. ಒಂದರಲ್ಲಿ ಕಗ್ಗಂಟಾದ ಸಾಲು ಇನ್ನೊಂದರಲ್ಲಿ ಬಿಡಿಸಿಕೊಳ್ಳುತ್ತದೆ. ಮೊಬೈಲಿನಲ್ಲಿ ಓದುವವರಿಗೆ ನನ್ನ ವಿರೋಧವಿಲ್ಲ, ಆದರೆ ಓದುವ ನಡುವೆ ಸಂತಾಪದ ಸಂದೇಶಗಳು ಬರುತ್ತಲೇ ಇರುತ್ತವೆ. ತೀರಿಕೊಂಡವರ ಸತ್ಯವೇದವನ್ನು ಮಾತ್ರ ಈ ಕೆಲಸಕ್ಕೆ ಬಳಸಬೇಡಿ. ನಮ್ಮ ಯಜಮಾನರದ್ದರಲ್ಲಿ ಅವರು ಗೆರೆ ಎಳೆದ ವಾಕ್ಯಗಳಿವೆ, ನಡುನಡುವೆ ಆಸ್ಪತ್ರೆಯ ಚೀಟಿಗಳಿವೆ. ಅದನ್ನು ತೆರೆದರೆ ನಾನು ಅವರನ್ನು ಓದುತ್ತೇನೆ, ಯೋಬನನ್ನಲ್ಲ. ಅದಕ್ಕೆ ಬೇರೆ ದಿನಗಳಿವೆ.

ಕೀರ್ತನೆಗಳಿಂದ ಆರಂಭ

13ನೆಯ ಕೀರ್ತನೆಯನ್ನು ತೆರೆಯಿರಿ. ಆರೇ ವಚನಗಳು. ಗಟ್ಟಿಯಾಗಿ ಓದಿ, ಮನೆಯಲ್ಲಿ ಒಬ್ಬರೇ ಇದ್ದರೂ ಗಟ್ಟಿಯಾಗಿಯೇ. ಮೊದಲ ಎರಡು ವಚನಗಳಲ್ಲಿ ಇನ್ನು ಎಷ್ಟು ಕಾಲ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ದೇವರನ್ನು ಎದುರಿಗೆ ನಿಲ್ಲಿಸಿಕೊಂಡು, ನನ್ನನ್ನು ಮರೆತೇಬಿಟ್ಟೆಯಾ ಎಂದು ಕೇಳುವ ದನಿ ಅದು. 3 ಮತ್ತು 4ನೆಯ ವಚನಗಳಲ್ಲಿ ಬೇಡಿಕೆ. 5 ಮತ್ತು 6ರಲ್ಲಿ ಭರವಸೆ. ಮೂರು ಭಾಗಗಳ ನಡುವೆ ಸೀಸದ ಕಡ್ಡಿಯಿಂದ ಅಡ್ಡಗೆರೆ ಎಳೆಯಿರಿ.

ಇನ್ನು ನೋಟುಪುಸ್ತಕದಲ್ಲಿ ನಿಮ್ಮದೇ ಮೂರು ಭಾಗ ಬರೆಯಿರಿ. ದೂರು, ಬೇಡಿಕೆ, ಭರವಸೆ. ದೂರಿನಲ್ಲಿ ಮಡಿಮಾತು ಬೇಡ. "ಓ ಪರಲೋಕದ ತಂದೆಯೇ" ಎಂದು ಭಾನುವಾರದ ದನಿಯಲ್ಲಿ ಆರಂಭಿಸಿದರೆ ಮುಂದೆ ಸುಳ್ಳೇ ಬರುತ್ತದೆ. ನಮ್ಮ ಕೂಟಕ್ಕೆ ಬರುವ ಒಬ್ಬ ತಾಯಿ ಬರೆದದ್ದು ಇಷ್ಟು: "ಅವನ ಬೈಕಿನ ಸಾಲ ಇನ್ನೂ ಕಟ್ಟುತ್ತಿದ್ದೇನೆ. ಬೈಕೂ ಇಲ್ಲ, ಅವನೂ ಇಲ್ಲ. ನೀನು ಎಲ್ಲಿದ್ದೆ?" ಇದು ಪ್ರಾರ್ಥನೆಯೋ ಅಲ್ಲವೋ ಎಂದು ಅವರಿಗೆ ಅನುಮಾನ. 13ನೆಯ ಕೀರ್ತನೆ ಪ್ರಾರ್ಥನೆಯಾದರೆ ಇದೂ ಪ್ರಾರ್ಥನೆಯೇ ಎಂದು ಹೇಳಿದೆ.

ಭರವಸೆಯ ಭಾಗ ಬಾರದಿದ್ದರೆ ಖಾಲಿ ಬಿಡಿ. ಖಾಲಿ ಬಿಡಲು ಅಪ್ಪಣೆ ಕೊಡುವುದು 88ನೆಯ ಕೀರ್ತನೆ. ಅದನ್ನು ಮರುದಿನ ಓದಿ. ದೂರಿನಿಂದ ಆರಂಭವಾಗಿ, ದೂರಿನಲ್ಲಿಯೇ ಬೆಳೆದು, ಆಪ್ತರೆಲ್ಲ ದೂರವಾದರು, ಉಳಿದದ್ದು ಕತ್ತಲೆ ಎಂಬಲ್ಲಿಗೆ ನಿಂತುಬಿಡುತ್ತದೆ. ಕೊನೆಗೊಂದು ಸ್ತೋತ್ರವೂ ಇಲ್ಲ. ನೂರೈವತ್ತು ಕೀರ್ತನೆಗಳನ್ನು ಒಟ್ಟುಗೂಡಿಸಿದವರು ಇದನ್ನು ಕೈಬಿಡಬಹುದಿತ್ತು, ಬಿಡಲಿಲ್ಲ. ದೇವಾಲಯದಲ್ಲಿ ಹಾಡುವ ಪುಸ್ತಕದಲ್ಲಿಯೇ ಇರಿಸಿದರು. ಆಮೇಲೆ 22ನೆಯದು. ಅದರ ಮೊದಲ ಸಾಲು ಶಿಲುಬೆಯ ಮೇಲೆ ಯೇಸುವಿನ ಬಾಯಲ್ಲಿ ಬಂದದ್ದು, ಮತ್ತಾಯ 27:46. ನನ್ನ ದೇವರೇ, ಯಾಕೆ ಕೈಬಿಟ್ಟಿದ್ದೀ ಎಂದು ಕೇಳುವುದು ಅವಿಶ್ವಾಸ ಎನ್ನುವವರು ಈ ವಚನದ ಮುಂದೆ ಸ್ವಲ್ಪ ಹೊತ್ತು ಕೂರಲಿ.

ಈ ಮೂರು ಕೀರ್ತನೆಗಳಿಗೆ ಒಂದು ವಾರ ಕೊಟ್ಟರೂ ಅವಸರವೇ. 42, 77, 130 ಇವುಗಳನ್ನು ಬೇಕಾದಾಗ ಸೇರಿಸಿಕೊಳ್ಳಿ. 23ನೆಯದು ಹೇಗೂ ಬಾಯಿಪಾಠವಿರುತ್ತದೆ, ಅದಕ್ಕೆ ನನ್ನ ನೆರವು ಬೇಡ.

ವರ್ಣಮಾಲೆ ಹಿಡಿದು ಅಳುವುದು

ಪ್ರಲಾಪಗಳು ಎಂಬ ಪುಸ್ತಕ ಯೆರೆಮೀಯನ ಪುಸ್ತಕ ಮುಗಿದ ಕೂಡಲೇ ಬರುತ್ತದೆ, ಐದೇ ಅಧ್ಯಾಯ. ಕ್ರಿಸ್ತಪೂರ್ವ 586ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಸುಟ್ಟು ಕೆಡವಿದ ಮೇಲಿನ ಗೋಳು. ನಮ್ಮಲ್ಲಿ ಇದರಿಂದ ಓದುವುದು ಬಹುಪಾಲು 3:22-23 ಮಾತ್ರ, ಕರುಣೆ ದಿನದಿನವೂ ಹೊಸದಾಗುತ್ತದೆ ಎನ್ನುವ ವಚನಗಳು. ಅವು ಪುಸ್ತಕದ ನಡುವಿನಲ್ಲಿವೆ, ಕೊನೆಯಲ್ಲಿ ಅಲ್ಲ. ಅವುಗಳನ್ನು ದಾಟಿ ಗೋಳು ಮತ್ತೆ ಮುಂದುವರಿಯುತ್ತದೆ. ಕೊನೆಯ ವಚನ 5:22, ನಮ್ಮನ್ನು ತೀರಾ ತಳ್ಳಿಯೇಬಿಟ್ಟೆಯೋ ಏನೋ ಎಂಬ ಅಂಜಿಕೆಯಲ್ಲಿ ಮುಗಿಯುತ್ತದೆ. ಯೆಹೂದ್ಯರು ದೇವಾಲಯ ಬಿದ್ದ ದಿನದ ಉಪವಾಸದಲ್ಲಿ ನೆಲದ ಮೇಲೆ ಕುಳಿತು ಇದನ್ನು ಓದುತ್ತಾರೆ. ಅಲ್ಲಿಗೇ ನಿಲ್ಲಿಸಲಾಗದೆ 21ನೆಯ ವಚನವನ್ನು ಇನ್ನೊಮ್ಮೆ ಹೇಳಿ ಏಳುತ್ತಾರೆ.

ನನ್ನಂತಹ ಭಾಷಾ ಶಿಕ್ಷಕಿಗೆ ಇಷ್ಟವಾದದ್ದು ಇದರ ಕಟ್ಟಡ. ಇಬ್ರಿಯ ಅಕ್ಷರಗಳು ಇಪ್ಪತ್ತೆರಡು. 1, 2, 4ನೆಯ ಅಧ್ಯಾಯಗಳಲ್ಲಿ ಇಪ್ಪತ್ತೆರಡು ವಚನಗಳು, ಒಂದೊಂದೂ ವರ್ಣಮಾಲೆಯ ಕ್ರಮದಲ್ಲಿ ಒಂದೊಂದು ಅಕ್ಷರದಿಂದ ಆರಂಭ. ಮೂರನೆಯದರಲ್ಲಿ ಅಕ್ಷರಕ್ಕೆ ಮೂರರಂತೆ ಅರವತ್ತಾರು. ಐದನೆಯದರಲ್ಲಿ ಇಪ್ಪತ್ತೆರಡು ವಚನಗಳಿದ್ದರೂ ಅಕ್ಷರದ ಕ್ರಮ ಇಲ್ಲ. ಊರು ಸುಟ್ಟುಹೋದವರು ಇಷ್ಟು ನಿಯಮ ಹಾಕಿಕೊಂಡು ಏಕೆ ಬರೆದರು? ಬರೆಯಲು ಕುಳಿತಾಗ ತಿಳಿಯುತ್ತದೆ. ಎಲ್ಲಿಂದ ಆರಂಭಿಸಲಿ, ಎಲ್ಲಿ ನಿಲ್ಲಿಸಲಿ ಎಂದು ತೋಚದ ದುಃಖಕ್ಕೆ ವರ್ಣಮಾಲೆಯಲ್ಲಿ ಎರಡೂ ಸಿಗುತ್ತವೆ.

ಕೂಟದಲ್ಲಿ ನಾವು ಇದನ್ನು ಕನ್ನಡದಲ್ಲಿ ಮಾಡುತ್ತೇವೆ. ಅ ಯಿಂದ ಔ ವರೆಗೆ ಸ್ವರಗಳು ಸಾಕು, ಋ ಬಿಟ್ಟರೂ ನಡೆಯುತ್ತದೆ. ನನ್ನದರ ಮೊದಲ ಸಾಲುಗಳು ಹೀಗಿವೆ: "ಅಡುಗೆಗೆ ಈಗಲೂ ಎರಡು ಪಾವು ಅಕ್ಕಿ ಅಳೆಯುತ್ತೇನೆ. ಆಸ್ಪತ್ರೆಯ ರಸೀದಿಗಳು ಕಪಾಟಿನಲ್ಲಿಯೇ ಇವೆ, ಹರಿಯಲು ಕೈ ಬಾರದು. ಇಸ್ತ್ರಿಯವನು ನಿಮ್ಮ ಅಂಗಿಗಳಿಲ್ಲವೇ ಎಂದು ಕೇಳಿದ. ಈರುಳ್ಳಿ ಬೇಡವೆನ್ನುವವರು ಮನೆಯಲ್ಲಿ ಇಲ್ಲ." ಹೀಗೆ ಸಣ್ಣ ಸಂಗತಿಗಳೇ ಬರುತ್ತವೆ, ಬರಬೇಕು. ಸಾಹಿತ್ಯವಾಗಬೇಕಿಲ್ಲ. ಓದುಬರಹ ಬಾರದವರು ಬಾಯಲ್ಲಿ ಹೇಳುತ್ತಾರೆ, ಪಕ್ಕದವರು ಬರೆದುಕೊಳ್ಳುತ್ತಾರೆ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಸತ್ತವರ ಗುಣ ಎತ್ತಿ ಎತ್ತಿ ಹಾಡಿಕೊಂಡು ಅಳುವ ಹೆಂಗಸರಿದ್ದಾರೆ. ಕ್ರೈಸ್ತರ ಮನೆಯಲ್ಲಿ ಹಾಗೆ ಅಳಬಾರದು, ಅದು ನಿರೀಕ್ಷೆಯಿಲ್ಲದವರ ಅಳು ಎಂದು ಹಿರಿಯರೊಬ್ಬರು ನನ್ನ ಅತ್ತಿಗೆಯನ್ನು ಸುಮ್ಮನಾಗಿಸಿದ್ದನ್ನು ನೋಡಿದ್ದೇನೆ. ಅವರು ಆಧಾರ ಮಾಡಿಕೊಂಡದ್ದು 1 ಥೆಸಲೋನಿಕ 4:13. ಆ ವಚನ ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎನ್ನುತ್ತದೆ, ದುಃಖಿಸಲೇಬೇಡಿ ಎನ್ನುವುದಿಲ್ಲ. ಬರೆದ ಪೌಲನೇ ಫಿಲಿಪ್ಪಿ 2:27ರಲ್ಲಿ, ತನ್ನ ಜೊತೆಗೆಲಸದವನಾದ ಎಪಫ್ರೊದೀತನು ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಎನ್ನುತ್ತಾನೆ. ಯೆರೆಮೀಯ 9:17ರಲ್ಲಿಯಂತೂ ಗೋಳಾಡುವ ಹೆಂಗಸರನ್ನು ಕರೆಸಿರಿ ಎಂದು ಸ್ವತಃ ಯೆಹೋವನೇ ಹೇಳುತ್ತಾನೆ. ಹಿರಿಯರಿಗೆ ಅದನ್ನು ತೋರಿಸಿದೆ. ನೋಡಿ ಕನ್ನಡಕ ತೆಗೆದರು, ಮಾತನಾಡಲಿಲ್ಲ.

ಯೋಬನನ್ನು ಬಣ್ಣ ಹಚ್ಚಿ ಓದುವುದು

ಯೋಬನ ಗ್ರಂಥದಲ್ಲಿ 42 ಅಧ್ಯಾಯಗಳಿವೆ. ಮೊದಲ ಎರಡು ಮತ್ತು ಕೊನೆಯದು ಮಾತ್ರ ಎಲ್ಲರಿಗೂ ಗೊತ್ತು: ಎಲ್ಲ ಕಳೆದುಕೊಂಡ, ತಾಳ್ಮೆಯಿಂದಿದ್ದ, ಎಲ್ಲ ಮರಳಿ ಬಂತು. ನಡುವಿನದನ್ನು ಓದಿದವರು ಯೋಬನನ್ನು ತಾಳ್ಮೆಯವನೆಂದು ಕರೆಯಲು ಹಿಂದೆಮುಂದೆ ನೋಡುತ್ತಾರೆ. ಪೂರ್ತಿ ಓದಲು ಆಗದವರಿಗೆ ನಾನು ಕೊಡುವ ಪಟ್ಟಿ: 1ರಿಂದ 5, 7, 8, 16, 19, 23, 38, 39, ಕೊನೆಗೆ 42.

ಬಣ್ಣದ ಕಡ್ಡಿ ಬೇಕಾಗುವುದು ಇಲ್ಲಿ. ಯೋಬನ ಮಾತಿನ ಅಂಚಿಗೆ ಒಂದು ಬಣ್ಣ, ಅವನ ಮೂವರು ಗೆಳೆಯರಾದ ಎಲೀಫಜ, ಬಿಲ್ದದ, ಚೋಫರರ ಮಾತಿನ ಅಂಚಿಗೆ ಇನ್ನೊಂದು. ಯಾರು ಆಡಿದ ಮಾತು ಎಂದು ನೋಡದೆ ಈ ಪುಸ್ತಕದಿಂದ ಒಂದು ವಾಕ್ಯವನ್ನೂ ಎತ್ತಬಾರದು, ಏಕೆಂದರೆ 42:7ರಲ್ಲಿ ದೇವರು ಎಲೀಫಜನಿಗೆ, ನನ್ನ ಸೇವಕನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಲಿಲ್ಲ ಎಂದು ಸಿಟ್ಟಾಗುತ್ತಾನೆ. ಗೆಳೆಯರು ಆಡಿದ್ದು ಅಂಥ ದುಷ್ಟ ಮಾತುಗಳೂ ಅಲ್ಲ. ಭಕ್ತಿಯ ಮಾತುಗಳೇ, ಕೇಳಲು ಚೆನ್ನಾಗಿಯೇ ಇವೆ. ಅಂಗಡಿ, ಮನೆಗಳ ಗೋಡೆಯ ಮೇಲೆ 8:7 ತೂಗುಹಾಕಿರುವುದನ್ನು ನೀವೂ ನೋಡಿರಬಹುದು, ಮೊದಲು ಅಲ್ಪವಾಗಿದ್ದರೂ ಕಡೆಗೆ ಬಹಳವಾಗಿ ವೃದ್ಧಿಯಾಗುವುದು ಎಂಬ ವಾಕ್ಯ. ಅದನ್ನು ಹೇಳಿದವನು ಬಿಲ್ದದ. ಮೂರು ವಚನ ಹಿಂದೆ, 8:4ರಲ್ಲಿ ಅವನೇ ಹೇಳಿದ್ದು ಏನು? ನಿನ್ನ ಮಕ್ಕಳು ಪಾಪ ಮಾಡಿದ್ದರಿಂದ ಅದರ ಫಲ ಉಂಡರು ಎಂದು. ಹತ್ತು ಮಕ್ಕಳನ್ನು ಒಂದೇ ದಿನ ಕಳೆದುಕೊಂಡ ತಂದೆಯ ಮುಂದೆ ಕುಳಿತು ಆಡಿದ ಮಾತು ಅದು.

ಗೆಳೆಯರು ಒಳ್ಳೆಯ ಕೆಲಸವನ್ನೂ ಮಾಡಿದ್ದಾರೆ, ಅದಕ್ಕೂ ಗುರುತು ಹಾಕಿ. 2:13ರಲ್ಲಿ ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತರು. ಬಾಯಿ ತೆರೆದ ಮೇಲೆಯೇ ಕೆಟ್ಟರು. 16ನೆಯ ಅಧ್ಯಾಯದ ಆರಂಭದಲ್ಲಿ ಯೋಬನು ಅವರಿಗೆ ಹೇಳುವುದನ್ನು ಓದಿ ನಮ್ಮ ಕೂಟದಲ್ಲಿ ನಕ್ಕವರಿದ್ದಾರೆ. ಗಂಡ ಸತ್ತ ಮೇಲೆ ಮೊದಲ ಸಲ ನಕ್ಕೆ ಎಂದರು ಒಬ್ಬರು. ನೀವೆಲ್ಲರೂ ಬೇಸರ ಹುಟ್ಟಿಸುವ ಆದರಣೆಗಾರರು ಎನ್ನುತ್ತಾನೆ ಅವನು.

38ನೆಯ ಅಧ್ಯಾಯಕ್ಕೆ ಬಂದಾಗ ಎಲ್ಲರೂ ನೆಟ್ಟಗೆ ಕೂರುತ್ತಾರೆ, ಈಗ ಉತ್ತರ ಸಿಗುತ್ತದೆ ಎಂದು. ಸಿಗುವುದಿಲ್ಲ. ದೇವರು ಬಿರುಗಾಳಿಯೊಳಗಿಂದ ಮಾತನಾಡುತ್ತಾನೆ, ಅದೂ ಪ್ರಶ್ನೆಗಳಲ್ಲಿ: ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ, ಕಾಡುಮೇಕೆ ಈಯುವ ಕಾಲ ನಿನಗೆ ಗೊತ್ತೇ. ಮೊದಲ ಅಧ್ಯಾಯದಲ್ಲಿ ಸೈತಾನನ ಜೊತೆ ನಡೆದ ಮಾತುಕತೆಯನ್ನು ದೇವರು ಯೋಬನಿಗೆ ಕೊನೆಗೂ ತಿಳಿಸುವುದಿಲ್ಲ. ಓದುವ ನಮಗೆ ಗೊತ್ತು, ಅನುಭವಿಸಿದವನಿಗೆ ಗೊತ್ತಿಲ್ಲ. ಕೂಟಕ್ಕೆ ಬರುವ ಒಬ್ಬರು ಸಾರಿಗೆ ಬಸ್ಸಿನ ಚಾಲಕರಾಗಿದ್ದವರು, ಮಗಳನ್ನು ಕಳೆದುಕೊಂಡವರು. "ಅಕ್ಕೋರೇ, ಕೇಳಿದ್ದು ಒಂದು, ಹೇಳಿದ್ದು ಒಂದು. ಇದು ಕಚೇರಿಯಲ್ಲಿ ಅರ್ಜಿ ಕೊಟ್ಟ ಹಾಗಾಯಿತು" ಎಂದರು. ಅದಾಗಿ ಮೂರು ವಾರ ಅವರು ಮರಳಿ ಮರಳಿ ಓದಿದ್ದು 38:26ನ್ನು, ಮನುಷ್ಯರೇ ಇಲ್ಲದ ಬಯಲಿನ ಮೇಲೆ ಮಳೆ ಸುರಿಸುವವರು ಯಾರು ಎಂಬ ವಚನವನ್ನು. ಏಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಂತಹ ಕಡೆ ಮೇಷ್ಟರು ಅರ್ಥ ಹೇಳಲು ಹೋಗಬಾರದು.

42ರಲ್ಲಿ ಲೆಕ್ಕ ಹಾಕಿ ನೋಡಿ. ಕುರಿ ಏಳು ಸಾವಿರವಿದ್ದದ್ದು ಹದಿನಾಲ್ಕು ಸಾವಿರವಾಯಿತು, ಒಂಟೆ ಮೂರು ಸಾವಿರವಿದ್ದದ್ದು ಆರು ಸಾವಿರ. ಮಕ್ಕಳು ಮಾತ್ರ ಮೊದಲಿನಂತೆಯೇ ಏಳು ಗಂಡು, ಮೂರು ಹೆಣ್ಣು. ಸತ್ತ ಹತ್ತು ಮಂದಿ ಇನ್ನೂ ಅವನ ಮಕ್ಕಳೇ ಆಗಿರುವುದರಿಂದ ಇಪ್ಪತ್ತು ಎಂದೇ ಎಣಿಸಬೇಕು ಎನ್ನುವವರಿದ್ದಾರೆ. ಇರಬಹುದು, ಪುಸ್ತಕ ಹಾಗೆಂದು ಹೇಳುವುದಿಲ್ಲ. ನಾನು ಬೆರಳಿಟ್ಟು ತೋರಿಸುವುದು 42:11. ಕಳೆದದ್ದೆಲ್ಲ ಎರಡರಷ್ಟಾಗಿ ಬಂತು ಎಂದು ಹತ್ತನೆಯ ವಚನ ಹೇಳಿದ ಮೇಲೆ, ಹನ್ನೊಂದನೆಯದರಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಅವನ ಮನೆಗೆ ಬಂದು, ಜೊತೆಗೆ ಕುಳಿತು ಉಂಡು, ಅವನಿಗೆ ಸಂತಾಪ ಹೇಳುತ್ತಾರೆ. ಎಲ್ಲ ಮರಳಿ ಬಂದವನಿಗೂ ಸಂತಾಪ ಬೇಕಾಗಿತ್ತು ಎಂದಾಯಿತು.

ಬೇಥಾನ್ಯದ ಇಬ್ಬರು ಅಕ್ಕತಂಗಿಯರು

ತಮ್ಮ ಲಾಜರನನ್ನು ಕಳೆದುಕೊಂಡ ಮಾರ್ಥ, ಮರಿಯರ ಕಥೆಯಿರುವ ಯೋಹಾನ 11ನ್ನು ಎರಡು ದಿನ ಮಾಡಿ ಓದಿ. ಮೊದಲ ದಿನ 37ನೆಯ ವಚನಕ್ಕೆ ನಿಲ್ಲಿಸಿ, ಮುಂದಿನದು ಬಾಯಿಪಾಠವಿದ್ದರೂ ನಿಲ್ಲಿಸಿ. ಪುಟದಲ್ಲಿ ಎರಡು ಅಂಕಣ ಮಾಡಿ, ಒಂದಕ್ಕೆ ಮಾರ್ಥಳ ಹೆಸರು, ಇನ್ನೊಂದಕ್ಕೆ ಮರಿಯಳದ್ದು. ಇಬ್ಬರೂ ಯೇಸುವಿಗೆ ಆಡುವ ಮೊದಲ ಮಾತು ಒಂದೇ, 21ರಲ್ಲಿಯೂ 32ರಲ್ಲಿಯೂ: ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಮಾರ್ಥಳಿಗೆ ಅವನು ಮಾತಿನಲ್ಲಿ ಉತ್ತರ ಕೊಡುತ್ತಾನೆ, ಪುನರುತ್ಥಾನವೂ ಜೀವವೂ ನಾನೇ ಎಂದು. ಮರಿಯಳಿಗೆ ಅದನ್ನು ಹೇಳುವುದಿಲ್ಲ. ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿ, "ಯೇಸು ಕಣ್ಣೀರು ಬಿಟ್ಟನು." ಒಂದೇ ದೂರಿಗೆ ಎರಡು ಬಗೆಯ ಉತ್ತರ. ನಿಮ್ಮ ಮನೆಗೆ ಬಂದವರಲ್ಲಿ ಮಾರ್ಥಳಿಗೆ ಕೊಟ್ಟ ಉತ್ತರವನ್ನು ಮರಿಯಳಿಗೆ ಕೊಟ್ಟವರು ಯಾರು ಎಂದು ನೆನಪಿಸಿಕೊಳ್ಳಿ. ಬರೆಯುವುದು ಬೇಡ, ನೆನಪಿಸಿಕೊಂಡರೆ ಸಾಕು.

37ರಲ್ಲಿ ನೆರೆದವರು ಕೇಳುವ ಪ್ರಶ್ನೆ ನಮ್ಮದೇ. ಕುರುಡನಿಗೆ ಕಣ್ಣು ಕೊಟ್ಟವನಿಗೆ ಇವನು ಸಾಯದಂತೆ ಮಾಡಲು ಆಗುತ್ತಿರಲಿಲ್ಲವೇ? ಆ ಪ್ರಶ್ನೆಯ ಜೊತೆ ಒಂದು ರಾತ್ರಿ ಕಳೆಯಿರಿ. ಮರುದಿನ ಉಳಿದದ್ದನ್ನು ಓದಿದಾಗ ಲಾಜರನು ಎದ್ದು ಬರುತ್ತಾನೆ, ನಮ್ಮವರು ಬರಲಿಲ್ಲ ಎಂಬ ಸಂಕಟ ಆಗಿಯೇ ಆಗುತ್ತದೆ. ಅದನ್ನು ಮುಚ್ಚಿಡಬೇಡಿ, ಕೂಟದಲ್ಲಿ ಹೇಳಿ. ಯೇಸು ಸುದ್ದಿ ತಿಳಿದ ಮೇಲೂ ಎರಡು ದಿನ ಇದ್ದಲ್ಲಿಯೇ ಉಳಿದನು ಎಂಬ ಆರನೆಯ ವಚನ ನನಗೆ ಇಂದಿಗೂ ಚುಚ್ಚುತ್ತದೆ.

ಕೂಟ ಸೇರಿಸುವವರಿಗೆ ನಾಲ್ಕು ಮಾತು

ಒಬ್ಬರೇ ಓದುವುದಕ್ಕಿಂತ ಐದಾರು ಮಂದಿ ಸೇರಿ ಓದುವುದು ಮೇಲು. ಹತ್ತು ದಾಟಿದರೆ ಭಾಷಣ ಶುರುವಾಗುತ್ತದೆ. ನಮ್ಮಲ್ಲಿ ಒಬ್ಬರು ಅಧ್ಯಾಯವನ್ನು ಓದುತ್ತಾರೆ, ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡುವುದಿಲ್ಲ, ಇನ್ನೊಬ್ಬರು ಅದನ್ನೇ ಮತ್ತೆ ಓದುತ್ತಾರೆ. ಯಾವ ಸಾಲಿನಲ್ಲಿ ನಿಂತಿರಿ ಎಂದು ಕೇಳುತ್ತೇನೆ. ಉತ್ತರಿಸಬೇಕೆಂಬ ಒತ್ತಾಯವಿಲ್ಲ. ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳಿ ಎಂದು ಯಾರನ್ನೂ ಎಬ್ಬಿಸುವುದಿಲ್ಲ, ಏಕೆಂದರೆ ಸಾಕ್ಷಿ ಎಂದ ಕೂಡಲೇ ಜನ ಗೆದ್ದವರಂತೆ ಮಾತನಾಡತೊಡಗುತ್ತಾರೆ. ಒಬ್ಬರು ಅತ್ತರೆ ಪಕ್ಕದವರು ನೀರು ಕೊಡುತ್ತಾರೆ, ವಾಕ್ಯ ಕೊಡುವುದಿಲ್ಲ. ನಿನ್ನ ದುಃಖಕ್ಕಿಂತ ನನ್ನದು ದೊಡ್ಡದು ಎಂಬ ಮಾತು ಬಂದರೆ ನಾನು ಮೇಷ್ಟರ ದನಿ ತೆಗೆಯುತ್ತೇನೆ. ಕೊನೆಗೆ ಅವಲಕ್ಕಿ, ಚಹಾ. ಇದು ಕಟ್ಟಳೆಯೇ, ಒಂಟಿಯಾಗಿ ಉಣ್ಣುವವರು ವಾರಕ್ಕೊಮ್ಮೆಯಾದರೂ ಜೊತೆಯಲ್ಲಿ ತಿನ್ನಲಿ ಎಂದು.

ಆತ್ಮಹತ್ಯೆಯಲ್ಲಿ ಮಗನನ್ನೋ ಮಗಳನ್ನೋ ಕಳೆದುಕೊಂಡವರು ಬಂದಾಗ ಯಾರ ಪಾಪ ಎಂಬ ಪ್ರಶ್ನೆ ಕೋಣೆಯೊಳಗೆ ಬಂದೇ ಬರುತ್ತದೆ, ಯಾರೂ ಬಾಯಿ ಬಿಡದಿದ್ದರೂ. ಆ ದಿನ ಲೂಕ 13ರ ಮೊದಲ ಐದು ವಚನಗಳನ್ನೂ ಯೋಹಾನ 9ರ ಮೊದಲ ಮೂರನ್ನೂ ಓದಿ. ಸಿಲೊವಾಮಿನಲ್ಲಿ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ಅಪರಾಧಿಗಳೆಂದು ತಿಳಿದಿರೋ ಎಂದು ಯೇಸು ಕೇಳಿ, ಅಲ್ಲ ಎಂದು ತಾನೇ ಹೇಳುತ್ತಾನೆ.

ಓದು ಔಷಧದ ಬದಲಿಗೆ ಅಲ್ಲ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಊಟ ಸೇರದಿದ್ದರೆ, ಬದುಕಿರುವುದೇ ಬೇಡ ಎನಿಸುತ್ತಿದ್ದರೆ ವೈದ್ಯರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ನಮ್ಮ ಊರಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರದಲ್ಲಿಯೇ ಇದೆ. ಪ್ರಾರ್ಥನೆಯಲ್ಲಿ ವಿಶ್ವಾಸ ಸಾಲದೆ ಹೀಗಾಯಿತು ಎಂದು ಯಾರಾದರೂ ಹೇಳಿದರೆ ಎಲೀಯನ ಅಧ್ಯಾಯವನ್ನು ಅವರಿಗೆ ಓದಲು ಕೊಡಿ.

ಅರ್ಥದ ಮಾತು

ಈಗ ಕೊನೆಯ ಪ್ರಶ್ನೆ. ಆದಿಕಾಂಡ 50:20ರಲ್ಲಿ ಯೋಸೇಫನು ತನ್ನ ಅಣ್ಣಂದಿರಿಗೆ, ನೀವು ನನಗೆ ಕೇಡನ್ನು ಎಣಿಸಿದಿರಿ, ದೇವರು ಅದನ್ನು ಮೇಲಿಗಾಗಿ ಎಣಿಸಿದನು ಎನ್ನುತ್ತಾನೆ. ಇದನ್ನು ಓದುವಾಗ ಎರಡು ಸಂಗತಿ ಗಮನಿಸಿ. ಆ ಅಣ್ಣಂದಿರ ಕೈಯಿಂದಲೇ ಗುಂಡಿಗೆ ಬಿದ್ದು, ಮಾರಲ್ಪಟ್ಟು, ಸೆರೆಮನೆ ಕಂಡು, ಎಷ್ಟೋ ವರ್ಷಗಳಾದ ಮೇಲೆ ಬಂದ ಮಾತು ಅದು. ಹೇಳಿದವನು ಯೋಸೇಫನೇ. ಅಣ್ಣಂದಿರು ಗುಂಡಿಯ ದಂಡೆಯಲ್ಲಿ ಕುಳಿತು, ತಮ್ಮಾ, ಇದೆಲ್ಲ ನಿನ್ನ ಒಳ್ಳೆಯದಕ್ಕೇ ಎಂದಿದ್ದರೆ ಹೇಗಿರುತ್ತಿತ್ತು? ರೋಮಾಪುರದವರಿಗೆ 8:28ನ್ನು ನಾನು ಈ ಹಂತದಲ್ಲಿ ಓದಿಸುತ್ತೇನೆ, 18ನೆಯ ವಚನದಿಂದ ಅಧ್ಯಾಯದ ಕೊನೆಯವರೆಗೆ ಒಟ್ಟಾಗಿ. ಆ ಪ್ರಸಿದ್ಧ ವಾಕ್ಯಕ್ಕೆ ತಲುಪುವ ಮೊದಲು ಸೃಷ್ಟಿ ನರಳುತ್ತದೆ, ನಾವು ನರಳುತ್ತೇವೆ, ಪವಿತ್ರಾತ್ಮನೂ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ. ಮೂರು ನರಳಾಟಗಳನ್ನು ದಾಟಿ ಬಂದವರ ಬಾಯಲ್ಲಿ ಆ ವಾಕ್ಯದ ತೂಕವೇ ಬೇರೆ.

ನಮ್ಮ ಯಜಮಾನರು ಏಕೆ ಅಷ್ಟು ನವೆದು ಹೋದರು ಎಂಬುದಕ್ಕೆ ನನಗೆ ಉತ್ತರ ಸಿಕ್ಕಿಲ್ಲ. ಸಿಕ್ಕಿದ್ದು 2 ಕೊರಿಂಥ 1:4, ನಮಗೆ ಬಂದ ಆದರಣೆಯಿಂದಲೇ ಸಂಕಟದಲ್ಲಿರುವವರನ್ನು ಆದರಿಸಲು ಶಕ್ತರಾಗುತ್ತೇವೆ ಎನ್ನುವುದು. ಡಯಾಲಿಸಿಸ್ ಕೋಣೆಯ ಹೊರಗೆ ಕಾಯುವವರು ಯಾವ ಹೊತ್ತಿನಲ್ಲಿ ಕುಗ್ಗುತ್ತಾರೆ ಎಂದು ನನಗೆ ಗೊತ್ತು, ಆ ಹೊತ್ತಿಗೆ ಫೋನು ಮಾಡುತ್ತೇನೆ. ಅವರ ಸಾವಿಗೆ ಇದು ಕಾರಣವೆಂದು ಯಾರಾದರೂ ಹೇಳಿದರೆ ಒಪ್ಪುವುದಿಲ್ಲ. ಸಾವಿನ ನಂತರ ನಾನು ಮಾಡಿಕೊಂಡದ್ದು ಇದು.

ಎಲ್ಲರಿಗೂ ಇಷ್ಟೂ ಸಿಗಬೇಕೆಂದಿಲ್ಲ. 2 ಸಮುವೇಲ 21ರಲ್ಲಿ ರಿಚ್ಪಳೆಂಬವಳಿದ್ದಾಳೆ, ಅರಸನಾಗಿದ್ದ ಸೌಲನ ಉಪಪತ್ನಿ. ಅವಳ ಇಬ್ಬರು ಮಕ್ಕಳನ್ನು ಸೌಲನ ಐವರು ಮೊಮ್ಮಕ್ಕಳ ಜೊತೆ ಗಿಬ್ಯೋನ್ಯರು ಕೊಂದು ಬೆಟ್ಟದ ಮೇಲೆ ತೂಗುಹಾಕುತ್ತಾರೆ. ಅವಳು ಬಂಡೆಯ ಮೇಲೆ ಗೋಣಿ ಹಾಸಿಕೊಂಡು, ಜವೆಯ ಸುಗ್ಗಿಯಿಂದ ಮಳೆ ಬೀಳುವವರೆಗೆ, ಹಗಲು ಹಕ್ಕಿಗಳು, ಇರುಳು ಮೃಗಗಳು ಹೆಣಗಳ ಹತ್ತಿರ ಬಾರದಂತೆ ಕಾಯುತ್ತಾಳೆ. ಒಂದು ಮಾತೂ ಆಡುವುದಿಲ್ಲ. ಸುದ್ದಿ ಕೇಳಿ ಅರಸ ದಾವೀದನು ಎಲುಬುಗಳನ್ನು ತರಿಸಿ ಹೂಳಿಸುತ್ತಾನೆ. ಅವಳಿಗೆ ಏನಾದರೂ ಸಮಾಧಾನ ಸಿಕ್ಕಿತೋ ಎಂದು ಪುಸ್ತಕ ಬರೆದಿಲ್ಲ. ಅರ್ಥ ಎಂಬ ಮಾತೇ ಬೇಡವೆನ್ನುವವರು ಕೂಟಕ್ಕೆ ಬಂದರೆ ಈ ಅಧ್ಯಾಯವನ್ನು ತೆರೆದು ಕೊಡುತ್ತೇನೆ, ಪ್ರಶ್ನೆ ಕೇಳುವುದಿಲ್ಲ.

ಪಟ್ಟಿಯೆಲ್ಲ ಮುಗಿದ ಮೇಲೆ ಮುಂದೇನು ಎಂದು ಕೇಳುವವರಿಗೆ ರೂತಳ ಪುಸ್ತಕವನ್ನು ಸೂಚಿಸುತ್ತೇನೆ. ನಾಲ್ಕೇ ಅಧ್ಯಾಯ. ಗಂಡನನ್ನೂ ಇಬ್ಬರು ಮಕ್ಕಳನ್ನೂ ಮೋವಾಬಿನಲ್ಲಿ ಹೂಳಿ ಬಂದ ನೊವೊಮಿಯ ಬಾಯಲ್ಲಿ ಕಹಿ ಇದೆ, ಸೊಸೆ ರೂತಳ ಕೈಯಲ್ಲಿ ಕೆಲಸ ಇದೆ. ಇದನ್ನು ಓದಿಸಲು ಮೇಷ್ಟರು ಬೇಕಿಲ್ಲ. ನೋಟುಪುಸ್ತಕದಲ್ಲಿ ಖಾಲಿ ಬಿಟ್ಟ ಭರವಸೆಯ ಭಾಗಗಳಿಗೆ ದಿನಾಂಕ ಹಾಕಿಟ್ಟುಕೊಳ್ಳಿ. ಕೆಲವು ತುಂಬುತ್ತವೆ, ಕೆಲವು ಹಾಗೆಯೇ ಉಳಿಯುತ್ತವೆ. ನನ್ನದರಲ್ಲಿ ಇನ್ನೂ ಉಳಿದಿವೆ.